ಆಟದ ಗಣಕಯಂತ್ರಕ್ಕೆ ತಕ್ಕ ರ‍್ಯಾಮ್

ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲೆ, ಸ್ಕ್ರೂಗೇಜು ಮತ್ತು ವರ್ನಿಯರ್ ಕ್ಯಾಲಿಪರುಗಳ ಪಕ್ಕದಲ್ಲಿ, 13 ಸೆಂಟಿಮೀಟರಿಗಿಂತ ತುಸು ಉದ್ದವಾದ ಒಂದು ತೆಳುವಾದ ಹಲಗೆಯಿದೆ. ಅದರ ಕೆಳಗಿನ ಅಂಚಿನುದ್ದಕ್ಕೂ ಚಿನ್ನದ ಲೇಪವುಳ್ಳ ಪುಟ್ಟ ಹಲ್ಲುಗಳು. ಮೈಮೇಲೆ ಸಾಲಾಗಿ ಕೂರಿಸಿದ ಕಪ್ಪು ಚಿಪ್‌ಗಳು. ಅದು ಗಣಕಯಂತ್ರದ ಸ್ಮೃತಿ. ಅಂಗಡಿಯವರ ಮಾತಿನಲ್ಲಿ ರ‍್ಯಾಮ್. ಅದು ಕೆಟ್ಟದ್ದೇನೂ ಅಲ್ಲ. ಆದರೂ ಇದುವರೆಗೆ ಯಾವ ಯಂತ್ರದಲ್ಲಿಯೂ ಕೆಲಸ ಮಾಡಿಲ್ಲ. ಅದು ಅಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ತಪ್ಪು ನಮ್ಮದು.

ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬ ಎರಡು ವರ್ಷ ಸಂಜೆಯ ಹೊತ್ತು ಮಕ್ಕಳಿಗೆ ಮನೆಪಾಠ ಹೇಳಿ ಹಣ ಕೂಡಿಟ್ಟಿದ್ದ. ಆ ಹಣದಿಂದ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು, ಆಟಗಳನ್ನಾಡಲು ತಕ್ಕ ಗಣಕವನ್ನು ತಾನೇ ಜೋಡಿಸಬೇಕೆಂಬುದು ಅವನ ಆಸೆ. ಪ್ರೊಸೆಸರ್ ಬಂತು, ಮದರ್‌ಬೋರ್ಡ್ ಬಂತು. "ಸರ್, ರ‍್ಯಾಮ್ ಯಾವುದು ತರಲಿ?" ಎಂದು ಕೇಳಿದ. ನಾವು ಪ್ರೊಸೆಸರಿನ ವಿವರಪಟ್ಟಿಯನ್ನು ನೋಡಿದೆವು. ಅದು ಡಿಡಿಆರ್5 ಬಗೆಯ ಸ್ಮೃತಿಯನ್ನು ಒಪ್ಪುವುದೆಂದು ಅಲ್ಲಿ ಬರೆದಿತ್ತು. "ಹೊಸ ಬಗೆಯದನ್ನೇ ತಾರಪ್ಪ, ಅಂಕಿ ದೊಡ್ಡದಾಗಿರಲಿ" ಎಂದುಬಿಟ್ಟೆವು. ಅವನು ತಂದ. ಹಲಗೆ ಸ್ಲಾಟಿನಲ್ಲಿ ಇಳಿಯಲೇ ಇಲ್ಲ. ಆ ಪ್ರೊಸೆಸರು ಡಿಡಿಆರ್4 ಮತ್ತು ಡಿಡಿಆರ್5 ಎರಡನ್ನೂ ಒಪ್ಪತಕ್ಕದ್ದೇ ಸರಿ. ಆದರೆ ಅವನ ಮದರ್‌ಬೋರ್ಡು ಡಿಡಿಆರ್4 ಒಂದಕ್ಕೇ ಮಾಡಿದ್ದು. ಪೊಟ್ಟಣದ ಮುದ್ರೆ ಒಡೆದಿದ್ದರಿಂದ ಅಂಗಡಿಯವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಭೌತಶಾಸ್ತ್ರ ಹೇಳಿಕೊಡುವವರೆಂಬ ನಂಬಿಕೆಯಿಂದ ಅವನು ನಮ್ಮನ್ನು ಕೇಳಿದ್ದ. ನಾವಾದರೋ ಮೂವರ ಒಪ್ಪಿಗೆ ಬೇಕಾದ ಕಡೆ ಒಬ್ಬನನ್ನು ಮಾತ್ರ ವಿಚಾರಿಸಿದ್ದೆವು. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಈ ಮೂರೂ ಒಂದೇ ಕರಾರಿಗೆ ಬಂದಾಗ ಮಾತ್ರ ಯಂತ್ರ ನಡೆಯುತ್ತದೆ. ಆ ಕರಾರು ಯಾವುದು, ಅದರ ಹಿಂದಿನ ಭೌತಶಾಸ್ತ್ರವೇನು ಎಂಬುದನ್ನು ಈಗ ನೋಡೋಣ.

ನೆನಪು ಎಲ್ಲಿ ನಿಲ್ಲುತ್ತದೆ?

ರ‍್ಯಾಮಿನ ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರು ಮತ್ತು ಒಂದು ಕೆಪಾಸಿಟರುಗಳ ಜೋಡಿ. ಕೆಪಾಸಿಟರಿನಲ್ಲಿ ವಿದ್ಯುದಾವೇಶವಿದ್ದರೆ 1, ಇಲ್ಲದಿದ್ದರೆ 0. ಟ್ರಾನ್ಸಿಸ್ಟರು ಅದಕ್ಕೆ ಬಾಗಿಲು. ಇಷ್ಟು ಸರಳವಾದ ಏರ್ಪಾಡನ್ನು 1966ರಲ್ಲಿ ಕಲ್ಪಿಸಿದವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್. 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಂದಿನ ರ‍್ಯಾಮ್ ಹಲಗೆಗಳೆಲ್ಲವೂ ಆ ಕಲ್ಪನೆಯ ಸಂತತಿಯೇ.

16 ಗಿಗಾಬೈಟ್ ಹಲಗೆಯೊಂದರಲ್ಲಿ ಇಂಥ ಕೋಶಗಳು ಸುಮಾರು 13,700 ಕೋಟಿ ಇರುತ್ತವೆ. ಒಂದೊಂದು ಕೆಪಾಸಿಟರಿನಲ್ಲಿ ನಿಲ್ಲುವ ಆವೇಶ ಹತ್ತಾರು ಸಾವಿರ ಎಲೆಕ್ಟ್ರಾನುಗಳಷ್ಟು ಮಾತ್ರ. ಅದೂ ಸ್ಥಿರವಾಗಿ ನಿಲ್ಲುವುದಿಲ್ಲ. ತೂತುಬಿದ್ದ ಕೊಡದ ನೀರಿನಂತೆ ಸೋರುತ್ತಲೇ ಇರುತ್ತದೆ. ಕೊಡ ಬರಿದಾಗುವ ಮೊದಲೇ ಯಾರಾದರೂ ಬಂದು ಇಣುಕಿ, ನೀರಿದ್ದ ಕೊಡವನ್ನು ಮತ್ತೆ ತುಂಬಿಸಬೇಕು. ಸಾಮಾನ್ಯ ಉಷ್ಣತೆಯಲ್ಲಿ ಡಿಡಿಆರ್4 ಸ್ಮೃತಿಯ ಪ್ರತಿಯೊಂದು ಕೋಶವನ್ನೂ 64 ಮಿಲಿಸೆಕೆಂಡಿಗೊಮ್ಮೆ, ಡಿಡಿಆರ್5 ಸ್ಮೃತಿಯದನ್ನು 32 ಮಿಲಿಸೆಕೆಂಡಿಗೊಮ್ಮೆ ಹೀಗೆ ತುಂಬಿಸತಕ್ಕದ್ದೆಂದು ನಿಯಮವಿದೆ. ವಿದ್ಯುತ್ ಹೋದೊಡನೆ ರ‍್ಯಾಮಿನ ನೆನಪು ಅಳಿಸಿಹೋಗುವುದೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಓದುವಾಗ ನಡೆಯುವುದೇನು? ಬಾಗಿಲು ತೆರೆದೊಡನೆ ಆ ಅಲ್ಪ ಆವೇಶವು ಉದ್ದನೆಯ ತಂತಿಯೊಂದಕ್ಕೆ ಹರಿದು ಅದರ ವೋಲ್ಟೇಜನ್ನು ಅತ್ಯಲ್ಪವಾಗಿ ಬದಲಿಸುತ್ತದೆ. ಆ ಬದಲಾವಣೆಯನ್ನು ಗುರುತಿಸಿ ದೊಡ್ಡದು ಮಾಡುವ ಮಂಡಲವೊಂದು ತಂತಿಯ ತುದಿಯಲ್ಲಿರುತ್ತದೆ. ಈ ಕೆಲಸಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ. ಎಷ್ಟು ಅವಸರಪಡಿಸಿದರೂ ಆ ಕಾಲವನ್ನು ಬಹಳ ಕಡಿಮೆ ಮಾಡಲಾಗದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅಂಗಡಿಯ ಅಂಕಿಗಳನ್ನು ಬಿಡಿಸುವಾಗ ಇದೇ ನಮಗೆ ಬೀಗದ ಕೈ.

ತಲೆಮಾರುಗಳ ಭೇದ

ಮಿಡಿತದ ಏರಿನಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ, ಹೀಗೆ ಒಂದು ಮಿಡಿತಕ್ಕೆ ಎರಡು ಸಲ ಮಾಹಿತಿಯನ್ನು ಸಾಗಿಸುವ ಸ್ಮೃತಿಗೆ ಡಿಡಿಆರ್ ಎಂದು ಹೆಸರು. ಇದರ ನಿಯಮಗಳನ್ನು ಗೊತ್ತುಮಾಡುವುದು ಜೆಡೆಕ್ ಎಂಬ ಸಂಸ್ಥೆ. ಮೊದಲ ಡಿಡಿಆರ್ ನಿಯಮ ಹೊರಬಿದ್ದುದು 2000ದಲ್ಲಿ, ಡಿಡಿಆರ್2 2003ರಲ್ಲಿ, ಡಿಡಿಆರ್3 2007ರಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ. ಇವು ಕೆಲಸ ಮಾಡುವ ವೋಲ್ಟೇಜು ಅನುಕ್ರಮವಾಗಿ 2.5, 1.8, 1.5, 1.2 ಮತ್ತು 1.1. ತಲೆಮಾರಿನಿಂದ ತಲೆಮಾರಿಗೆ ವೋಲ್ಟೇಜು ಇಳಿದಿದೆ, ವೇಗ ಏರಿದೆ.

ಡಿಡಿಆರ್4 ಹಲಗೆಗೂ ಡಿಡಿಆರ್5 ಹಲಗೆಗೂ ಹಲ್ಲುಗಳ ಸಂಖ್ಯೆ 288. ಉದ್ದವೂ ಒಂದೇ. ನೋಡಿದವರು ಇವು ಅವಳಿಗಳೆಂದೇ ತಿಳಿಯಬೇಕು. ಆದರೆ ಹಲ್ಲುಗಳಿಗೆ ವಹಿಸಿದ ಕೆಲಸ ಬೇರೆ ಬೇರೆ. ಮೇಲಾಗಿ ಡಿಡಿಆರ್4ರಲ್ಲಿ ವೋಲ್ಟೇಜನ್ನು ಸರಿಪಡಿಸಿ ಕೊಡುವುದು ಮದರ್‌ಬೋರ್ಡು. ಡಿಡಿಆರ್5ರಲ್ಲಿ ಆ ಕೆಲಸದ ಚಿಪ್ಪು ಹಲಗೆಯ ಮೇಲೆಯೇ ಇದೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೂತರೆ ಅನಾಹುತ. ಅದನ್ನು ತಡೆಯುವುದಕ್ಕಾಗಿಯೇ ಹಲ್ಲುಗಳ ಸಾಲಿನ ನಡುವಿನ ಕಚ್ಚನ್ನು ಎರಡರಲ್ಲಿಯೂ ಬೇರೆ ಬೇರೆ ಜಾಗದಲ್ಲಿ ಕೊರೆದಿರುತ್ತಾರೆ. ಸ್ಲಾಟಿನಲ್ಲಿರುವ ಉಬ್ಬು ಆ ಕಚ್ಚಿಗೆ ಸರಿಹೊಂದದಿದ್ದರೆ ಹಲಗೆ ಇಳಿಯದು. ಇಳಿಯದ ಹಲಗೆಯನ್ನು ಬಲವಂತದಿಂದ ಒತ್ತಲೇಕೂಡದು.

ಯಾವ ಮದರ್‌ಬೋರ್ಡಿಗೆ ಯಾವುದು? ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ಟಿನ ಬೋರ್ಡುಗಳಿಗೆ ಡಿಡಿಆರ್4 ಮಾತ್ರ. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಇಂಟೆಲ್ ಸಂಸ್ಥೆಯ, 2024ರಲ್ಲಿ ಬಂದ ಎಲ್‌ಜಿಎ 1851ಕ್ಕೂ ಡಿಡಿಆರ್5 ಒಂದೇ. ತೊಡಕಿರುವುದು 2021ರಲ್ಲಿ ಬಂದ ಎಲ್‌ಜಿಎ 1700ರಲ್ಲಿ. ಇದರಲ್ಲಿ ಕೂರುವ 12, 13 ಮತ್ತು 14ನೆಯ ತಲೆಮಾರಿನ ಪ್ರೊಸೆಸರುಗಳು ಎರಡೂ ಬಗೆಯನ್ನು ಒಪ್ಪುತ್ತವೆ. ಆದರೆ ಬೋರ್ಡು ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೆ ಮಾತ್ರ ಮಾಡಿದ್ದಾಗಿರುತ್ತದೆ. ನಾವು ಎಡವಿದ್ದು ಈ ಕಲ್ಲನ್ನೇ. ಆದುದರಿಂದ ಪ್ರೊಸೆಸರಿನ ಪಟ್ಟಿಯನ್ನು ಓದಿದರೆ ಸಾಲದು. ಬೋರ್ಡಿನ ಪೂರ್ತಿ ಹೆಸರನ್ನು ಬರೆದುಕೊಂಡು ಅದರ ಕೈಪಿಡಿಯಲ್ಲಿ ನೋಡತಕ್ಕದ್ದು.

ಇನ್ನೆರಡು ಎಚ್ಚರಿಕೆಗಳು ಉಂಟು. ಲ್ಯಾಪ್‌ಟಾಪಿನ ರ‍್ಯಾಮ್ ಹಲಗೆ ಉದ್ದದಲ್ಲಿ ಗಿಡ್ಡ. ಅದು ಮೇಜಿನ ಗಣಕದ ಸಾಮಾನ್ಯ ಸ್ಲಾಟಿಗೆ ಬಾರದು. ಎರಡನೆಯದಾಗಿ, ಸರ್ವರ್ ಯಂತ್ರಗಳಿಂದ ಕಳಚಿದ ರಿಜಿಸ್ಟರ್ಡ್ ಎಂಬ ಬಗೆಯ ಹಲಗೆಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವುದುಂಟು. ಬೆಲೆಗೆ ಮರುಳಾಗಿ ಕೊಂಡರೆ, ಸಾಮಾನ್ಯ ಮನೆಬಳಕೆಯ ಬೋರ್ಡು ಅವುಗಳಿಂದ ಕೆಲಸ ಮಾಡಿಸಲಾರದು.

ಎರಡು ಅಂಕಿಗಳ ಲೆಕ್ಕ

ಪೊಟ್ಟಣದ ಮೇಲೆ ಮುಖ್ಯವಾಗಿ ಎರಡು ಅಂಕಿಗಳಿರುತ್ತವೆ. 3200, 6000 ಇತ್ಯಾದಿ ದೊಡ್ಡ ಅಂಕಿ ಒಂದು. ಸಿಎಲ್ 16, ಸಿಎಲ್ 30 ಇತ್ಯಾದಿ ಚಿಕ್ಕದು ಇನ್ನೊಂದು. ಜಾಹೀರಾತಿನಲ್ಲಿ ದೊಡ್ಡ ಅಂಕಿ ಎದ್ದು ಕಾಣುತ್ತದೆ; ಕೊಳ್ಳುವವನು ಎರಡನ್ನೂ ಕೂಡಿಸಿ ಓದಬೇಕು.

ದೊಡ್ಡ ಅಂಕಿಯು ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಮಾಹಿತಿ ಸಾಗುತ್ತದೆ ಎಂಬುದರ ಅಳತೆ. 3200 ಎಂದರೆ ಸೆಕೆಂಡಿಗೆ 320 ಕೋಟಿ ಸಲ. ಒಂದು ಸಲಕ್ಕೆ ಸಾಗುವುದು 8 ಬೈಟುಗಳು. ಆದುದರಿಂದ ಒಂದು ಹಲಗೆಯಿಂದ ಸೆಕೆಂಡಿಗೆ 25.6 ಗಿಗಾಬೈಟು ಹರಿಯಬಲ್ಲುದು. 6000ದ ಹಲಗೆಯಾದರೆ 48 ಗಿಗಾಬೈಟು. ಇದನ್ನು ಅನೇಕರು ಮೆಗಾಹರ್ಟ್ಸ್ ಎಂದು ಹೇಳುವರು. ಮಿಡಿತಕ್ಕೆರಡು ಸಲ ಸಾಗುವುದರಿಂದ ನಿಜವಾದ ಮಿಡಿತದ ಆವೃತ್ತಿ ಅದರ ಅರ್ಧ ಮಾತ್ರ ಎಂಬುದನ್ನು ಮರೆಯಬಾರದು.

ಸಿಎಲ್ ಎಂಬುದು ಕಾಯುವ ಮಿಡಿತಗಳ ಎಣಿಕೆ. ಸಾಲು ತೆರೆದಿರುವಾಗ ಮಾಹಿತಿ ಬೇಕೆಂದು ಕೇಳಿದ ಮೇಲೆ, ಅದು ಹೊರಡುವುದಕ್ಕೆ ಎಷ್ಟು ಮಿಡಿತ ಕಾಯಬೇಕೋ ಅಷ್ಟು. ಮಿಡಿತವೇ ಚಿಕ್ಕದಾದರೆ ಹೆಚ್ಚು ಮಿಡಿತ ಕಾದರೂ ಕಾಲ ಹೆಚ್ಚಾಗದು. ಆದುದರಿಂದ ಸಿಎಲ್ ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ, ಕಾಲಕ್ಕೆ ಪರಿವರ್ತಿಸಬೇಕು. ಸೂತ್ರ ಸುಲಭ: ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ, ದೊಡ್ಡ ಅಂಕಿಯಿಂದ ಭಾಗಿಸಿದರೆ ನ್ಯಾನೋಸೆಕೆಂಡುಗಳು ದೊರೆಯುತ್ತವೆ.

ಡಿಡಿಆರ್2-800, ಸಿಎಲ್ 5: 12.5 ನ್ಯಾನೋಸೆಕೆಂಡು.
ಡಿಡಿಆರ್3-1600, ಸಿಎಲ್ 9: 11.25 ನ್ಯಾನೋಸೆಕೆಂಡು.
ಡಿಡಿಆರ್4-3200, ಸಿಎಲ್ 16: 10 ನ್ಯಾನೋಸೆಕೆಂಡು.
ಡಿಡಿಆರ್5-6000, ಸಿಎಲ್ 30: 10 ನ್ಯಾನೋಸೆಕೆಂಡು.
ಡಿಡಿಆರ್5-4800, ಸಿಎಲ್ 40: 16.7 ನ್ಯಾನೋಸೆಕೆಂಡು.

ಈ ಪಟ್ಟಿಯನ್ನು ನಿಧಾನವಾಗಿ ನೋಡಬೇಕು. ಡಿಡಿಆರ್2ರಿಂದ ಡಿಡಿಆರ್5ಕ್ಕೆ ದೊಡ್ಡ ಅಂಕಿ ಏಳೂವರೆ ಪಟ್ಟು ಏರಿದ್ದರೂ ಕಾಯುವ ಕಾಲ ಹತ್ತು ನ್ಯಾನೋಸೆಕೆಂಡಿನ ಆಸುಪಾಸಿನಲ್ಲಿಯೇ ಸುತ್ತಾಡಿದೆ. ಕಾರಣವನ್ನು ಮೇಲೆಯೇ ಹೇಳಿದ್ದೇವೆ: ಹತ್ತಾರು ಸಾವಿರ ಎಲೆಕ್ಟ್ರಾನುಗಳಿಂದ ತಂತಿಯೊಂದರ ವೋಲ್ಟೇಜನ್ನು ಅಲುಗಿಸಿ, ಅದನ್ನು ಗುರುತಿಸಿ ಹೊರಗೆ ಕಳುಹಿಸುವ ಕೆಲಸಕ್ಕೆ ಪ್ರಕೃತಿ ಕೇಳುವ ಕಾಲ ಅಷ್ಟು. ಅಷ್ಟರೊಳಗೆ ಬೆಳಕು ಶೂನ್ಯದಲ್ಲಿ ಮೂರು ಮೀಟರು ಓಡಿರುತ್ತದೆ. ಕಾಲುವೆಯನ್ನು ಅಗಲ ಮಾಡಬಹುದು. ಅಣೆಕಟ್ಟಿನ ಬಾಗಿಲು ತೆರೆಯುವ ಹೊತ್ತನ್ನು ಅದರಿಂದ ಕಡಿಮೆ ಮಾಡಲಾಗದು.

ಪಟ್ಟಿಯ ಕೊನೆಯ ಸಾಲು ಇನ್ನೂ ಒಂದು ಪಾಠ ಹೇಳುತ್ತದೆ. ಹೊಸ ತಲೆಮಾರಿನದೆಂಬ ಒಂದೇ ಕಾರಣಕ್ಕೆ ಡಿಡಿಆರ್5-4800 ಕೊಂಡವನ ಕಾಲುವೆ ಅಗಲವಾಗುತ್ತದೆ, ಕಾಯುವ ಕಾಲವಾದರೋ ಉದ್ದವಾಗುತ್ತದೆ. "ಅಂಕಿ ದೊಡ್ಡದಾಗಿರಲಿ" ಎಂಬ ನಮ್ಮ ಬುದ್ಧಿವಾದ ಎಷ್ಟು ಅರೆಬರೆಯದೆಂಬುದು ಈಗ ವಾಚಕರಿಗೆ ಸ್ಪಷ್ಟವಾಗಿರಬೇಕು. ಅಭ್ಯಾಸಕ್ಕಾಗಿ ಒಂದು ಲೆಕ್ಕ: ಡಿಡಿಆರ್5-6000 ಹಲಗೆಗಳಲ್ಲಿ ಸಿಎಲ್ 36 ಇರುವುದನ್ನು ಸಿಎಲ್ 30ರೊಡನೆ ಹೋಲಿಸಿರಿ. ಎರಡು ನ್ಯಾನೋಸೆಕೆಂಡಿನ ವ್ಯತ್ಯಾಸ ಬಂದರೆ ಲೆಕ್ಕ ಸರಿ. ಆ ಎರಡಕ್ಕಾಗಿ ಅಂಗಡಿಯವರು ಕೇಳುವ ಹೆಚ್ಚಿನ ಹಣ ತಕ್ಕದ್ದೇ ಎಂಬುದನ್ನು ಕೊಳ್ಳುವವರೇ ತೀರ್ಮಾನಿಸಬೇಕು.

ಜೋಡೆತ್ತಿನ ನ್ಯಾಯ

ಮನೆಬಳಕೆಯ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ರ‍್ಯಾಮಿಗೆ ಸಾಮಾನ್ಯವಾಗಿ ಎರಡು ಕಾಲುವೆಗಳಿರುತ್ತವೆ. ಒಂದೇ ಹಲಗೆ ಹಾಕಿದರೆ ಒಂದು ಕಾಲುವೆ ಬತ್ತಿರುತ್ತದೆ. 16 ಗಿಗಾಬೈಟಿನ ಒಂದು ಹಲಗೆಗಿಂತ 8ರ ಎರಡು ಹಲಗೆಗಳಿಂದ ಹರಿವು ಇಮ್ಮಡಿಯಾಗುತ್ತದೆ. ಡಿಡಿಆರ್4-3200ರಲ್ಲಿ ಸೆಕೆಂಡಿಗೆ 51.2 ಗಿಗಾಬೈಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದೆ ಪ್ರೊಸೆಸರಿನಲ್ಲಿಯೇ ಇರುವ ಚಿತ್ರಣಭಾಗದಿಂದ ಆಟವಾಡುವವರಿಗೆ ಇದರ ಪ್ರಯೋಜನ ಕಣ್ಣಿಗೆ ಕಾಣುವಷ್ಟು. ಏಕೆಂದರೆ ಆ ಚಿತ್ರಣಭಾಗಕ್ಕೂ ನೀರು ಇದೇ ಕೆರೆಯಿಂದ ಬರಬೇಕು.

ಆದರೆ ಎರಡು ಹಲಗೆಗಳು ಎರಡು ಕಾಲುವೆಗಳಲ್ಲಿಯೇ ಕೂರಬೇಕು. ನಾಲ್ಕು ಸ್ಲಾಟುಗಳಿರುವ ಬಹುಪಾಲು ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಅದಕ್ಕೆ ತಕ್ಕ ಜಾಗ. ನಮ್ಮ ವಿದ್ಯಾರ್ಥಿ ಕೊನೆಗೆ ಸರಿಯಾದ ಡಿಡಿಆರ್4 ಹಲಗೆಗಳನ್ನು ತಂದಾಗ ಅವನ್ನು ಅಕ್ಕಪಕ್ಕದ ಸ್ಲಾಟುಗಳಲ್ಲಿ ಕೂರಿಸಿದ. ಯಂತ್ರ ನಡೆಯಿತು, ಆಟ ಮಾತ್ರ ಮುಗ್ಗರಿಸಿತು. ಗ್ರಾಫಿಕ್ಸ್ ಕಾರ್ಡೇ ಸಾಲದೆಂದು ಬಗೆದು ಅದನ್ನು ಮಾರುವ ಯೋಚನೆ ಮಾಡಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಹಲಗೆಯನ್ನು ಒಂದು ಸ್ಲಾಟು ಆಚೆಗೆ ಸರಿಸಿದ ಮೇಲೆ ಹರಿವು ಸರಿಹೋಯಿತು.

ನೊಗಕ್ಕೆ ಕಟ್ಟಿದ ಎರಡೆತ್ತುಗಳಲ್ಲಿ ಒಂದು ಬಡಕಲಾಗಿದ್ದರೆ ನೇಗಿಲು ಬಡಕಲಿನ ನಡಿಗೆಯಲ್ಲೇ ಸಾಗುತ್ತದೆ. ರ‍್ಯಾಮಿನಲ್ಲಿಯೂ ಹಾಗೆಯೇ. ವೇಗ ಬೇರೆಯಾದ ಎರಡು ಹಲಗೆಗಳನ್ನು ಸೇರಿಸಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಕೆಲವೊಮ್ಮೆ ಯಂತ್ರ ಏಳುವುದೇ ಇಲ್ಲ. ಒಂದೇ ಹೆಸರಿನವಾದರೂ ಬೇರೆ ಬೇರೆ ಕಾಲದಲ್ಲಿ ಕೊಂಡ ಹಲಗೆಗಳೊಳಗಿನ ಚಿಪ್‌ಗಳು ಬೇರೆಯಾಗಿರಬಹುದು. ತಯಾರಕರು ಒಟ್ಟಿಗೆ ಪರೀಕ್ಷಿಸಿ ಒಂದೇ ಪೊಟ್ಟಣದಲ್ಲಿ ಮಾರುವ ಜೋಡಿಯನ್ನು ಕೊಳ್ಳುವುದು ಈ ಕಾರಣದಿಂದ ಕ್ಷೇಮಕರ.

ಎರಡರ ಬದಲು ನಾಲ್ಕು ಹಾಕಿದರೆ ಇನ್ನೂ ಒಳ್ಳೆಯದಲ್ಲವೆ? ಕಾಲುವೆಗಳು ಎರಡೇ ಆದುದರಿಂದ ಹರಿವು ಹೆಚ್ಚದು; ಪ್ರೊಸೆಸರಿನ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ. ಎಎಂಡಿಯ ರೈಜೆನ್ 7000 ಸಾಲಿನ ಮೇಜಿನ ಗಣಕದ ಪ್ರೊಸೆಸರುಗಳು ಎರಡು ಹಲಗೆಗಳಿಗೆ ಅಧಿಕೃತವಾಗಿ 5200ರ ವೇಗವನ್ನು ಒಪ್ಪುತ್ತವೆ, ನಾಲ್ಕಾದರೆ 3600. ಹೆಚ್ಚು ಸ್ಮೃತಿ ಬೇಕಾದವರು ದೊಡ್ಡ ಹಲಗೆಗಳೆರಡನ್ನು ಕೊಳ್ಳುವುದು ಜಾಣತನ.

ಕೊಂಡ ಮೇಲೆ ಮಾಡುವ ಕೆಲಸ

6000ದ ರ‍್ಯಾಮ್ ಕೊಂಡು ಜೋಡಿಸಿದೊಡನೆ ಅದು 6000ದಲ್ಲಿ ಓಡುವುದೆಂದು ತಿಳಿಯಬಾರದು. ಪ್ರತಿಯೊಂದು ಹಲಗೆಯ ಮೇಲೂ ತನ್ನ ಗುಣಗಳನ್ನು ಬರೆದಿಟ್ಟುಕೊಂಡ ಒಂದು ಪುಟ್ಟ ಚಿಪ್ಪಿರುತ್ತದೆ. ಯಂತ್ರ ಏಳುವಾಗ ಬೋರ್ಡು ಅದನ್ನು ಓದಿ, ಸಾಮಾನ್ಯ ನಿಯಮದ ನಿಧಾನಗತಿಯನ್ನೇ ಆರಿಸಿಕೊಳ್ಳುತ್ತದೆ. ಪೊಟ್ಟಣದ ಮೇಲಿನ ವೇಗ ಬೇಕಾದರೆ ಬಯಾಸಿನೊಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಏರ್ಪಾಡನ್ನು ಚಾಲೂ ಮಾಡಬೇಕು. ಮೊದಲನೆಯದು ಇಂಟೆಲ್ ರೂಪಿಸಿದ್ದು. ಎರಡನೆಯದು ಎಎಂಡಿ 2022ರಲ್ಲಿ ತಂದದ್ದು. ನಮ್ಮ ವಿದ್ಯಾರ್ಥಿಯ 3200ರ ಹಲಗೆಗಳು 2133ರಲ್ಲಿ ಓಡುತ್ತಿದ್ದುದು ಹೀಗೆಯೇ ಪತ್ತೆಯಾಯಿತು. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಮೃತಿಯ ಪುಟ ತೆರೆದರೆ ವೇಗವೂ ತುಂಬಿದ ಸ್ಲಾಟುಗಳ ಎಣಿಕೆಯೂ ಕಾಣುತ್ತವೆ. ಹಳೆಯ ಯಂತ್ರಕ್ಕೆ ರ‍್ಯಾಮ್ ಸೇರಿಸುವವರೂ ಮೊದಲು ನೋಡಬೇಕಾದುದು ಈ ಪುಟವನ್ನೇ.

ಈ ಏರ್ಪಾಡುಗಳಿಂದ ಬರುವ ವೇಗ ಹಲವು ವೇಳೆ ಪ್ರೊಸೆಸರಿನ ಅಧಿಕೃತ ಮಿತಿಯನ್ನು ದಾಟಿರುತ್ತದೆ. ಡಿಡಿಆರ್4 ಹಲಗೆಗಳಲ್ಲಿ ವೋಲ್ಟೇಜು 1.2ರಿಂದ 1.35ಕ್ಕೆ ಏರುವುದು ಸಾಮಾನ್ಯ. ಆದುದರಿಂದ ಬೋರ್ಡಿನ ತಯಾರಕರು ಪರೀಕ್ಷಿಸಿ ಪ್ರಕಟಿಸಿದ ರ‍್ಯಾಮ್‌ಗಳ ಪಟ್ಟಿಯಲ್ಲಿ ನಾವು ಕೊಳ್ಳುವ ಹಲಗೆ ಇದೆಯೇ ಎಂದು ಮುಂಚಿತವಾಗಿ ನೋಡುವುದು ಒಳ್ಳೆಯದು. ಜೋಡಿಸಿದ ಮೇಲೆ ಮೆಮ್‌ಟೆಸ್ಟ್86ರಂಥ ಪರೀಕ್ಷಾಕ್ರಮವನ್ನು ಒಂದು ರಾತ್ರಿ ಓಡಿಸಿ, ಒಂದೇ ಒಂದು ತಪ್ಪು ತೋರಿದರೂ ವೇಗವನ್ನು ತಗ್ಗಿಸತಕ್ಕದ್ದು. ಡಿಡಿಆರ್5 ಹಲಗೆಗಳಿರುವ ಯಂತ್ರ ಮೊದಲ ಸಲ ಏಳುವಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಪ್ರೊಸೆಸರು ಆಗ ತಂತಿಗಳ ಸಂಕೇತಗಳನ್ನು ಅಳೆದು ಹದಗೊಳಿಸಿಕೊಳ್ಳುತ್ತಿರುತ್ತದೆ. ಯಂತ್ರ ಸತ್ತಿತೆಂದು ಗಾಬರಿಯಿಂದ ವಿದ್ಯುತ್ ತಪ್ಪಿಸಬಾರದು.

ಎಷ್ಟು ಬೇಕು?

ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೆ ದೊರೆಯುವ ಕಾಲ 16.7 ಮಿಲಿಸೆಕೆಂಡು. ಬೇಕಾದ ಸಾಮಗ್ರಿ ರ‍್ಯಾಮಿನಲ್ಲಿ ಹಿಡಿಸದಿದ್ದರೆ ಅದನ್ನು ಎಸ್‌ಎಸ್‌ಡಿಯಿಂದ ತರಬೇಕು. ಪ್ರೊಸೆಸರಿನ ಕೋರಿಕೆ ರ‍್ಯಾಮಿಗೆ ಹೋಗಿ ಮರಳಲು ಒಟ್ಟಾರೆ ನೂರು ನ್ಯಾನೋಸೆಕೆಂಡಿನ ಆಸುಪಾಸು ಸಾಕು. ಎಸ್‌ಎಸ್‌ಡಿಗಾದರೆ ಹತ್ತಾರು ಮೈಕ್ರೋಸೆಕೆಂಡು, ಅಂದರೆ ನೂರಾರು ಪಟ್ಟು. ಇಂಥ ಕೋರಿಕೆಗಳು ಸಾವಿರಗಟ್ಟಲೆ ಬಿದ್ದಾಗ ಚಿತ್ರ ತಡೆದು ನಿಲ್ಲುತ್ತದೆ. ಸಾಲದ ರ‍್ಯಾಮ್ ಎಷ್ಟು ವೇಗದ್ದಾದರೂ ಪ್ರಯೋಜನವಿಲ್ಲ. 16 ಗಿಗಾಬೈಟು ಇಂದಿನ ಬಹುಪಾಲು ಆಟಗಳಿಗೆ ಸಾಕಾಗುತ್ತದೆ. ಭಾರಿ ಆಟಗಳನ್ನಾಡುತ್ತ ಜೊತೆಗೆ ಬೇರೆ ಕೆಲಸಗಳನ್ನೂ ತೆರೆದಿಡುವವರಿಗೆ 32 ಹಿತ. ಅದಕ್ಕಿಂತ ಹೆಚ್ಚಿನದು ಆಟಕ್ಕಾಗಿ ಮಾತ್ರವಾದರೆ ಸಾಮಾನ್ಯವಾಗಿ ಅನಾವಶ್ಯಕ.

ಇಷ್ಟನ್ನೂ ಅಂಗಡಿಗೆ ಹೋಗುವ ಮುನ್ನ ಈ ಕ್ರಮದಲ್ಲಿ ಕೇಳಿಕೊಳ್ಳಬಹುದು. ಬೋರ್ಡು ಯಾವ ತಲೆಮಾರನ್ನು ಒಪ್ಪುತ್ತದೆ? ಸ್ಲಾಟುಗಳೆಷ್ಟು? ಒಟ್ಟು ಎಷ್ಟು ಗಿಗಾಬೈಟು, ಯಾವ ಜೋಡಿಯಲ್ಲಿ? ಪ್ರೊಸೆಸರು ಮತ್ತು ಬೋರ್ಡುಗಳ ವೇಗದ ಮಿತಿ ಎಷ್ಟು? ಲೆಕ್ಕ ಹಾಕಿದಾಗ ನ್ಯಾನೋಸೆಕೆಂಡು ಎಷ್ಟು ಬರುತ್ತದೆ? ಕೊನೆಯದಾಗಿ, ಹಲಗೆಯ ಮೇಲಿನ ಲೋಹದ ಕವಚದ ಎತ್ತರ ಪ್ರೊಸೆಸರಿನ ಫ್ಯಾನಿಗೆ ತಾಗುವುದೇ? ಈ ಕೊನೆಯ ಪ್ರಶ್ನೆಗೆ ಒಂದು ಅಳತೆಪಟ್ಟಿ ಸಾಕು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ತೀವ್ರವಾಗಿ ಏರಿದುದನ್ನು ಕಂಡವರು ಈ ಪ್ರಶ್ನೆಗಳನ್ನು ಹಗುರವಾಗಿ ಎಣಿಸಲಾರರು.

ಮೇಜಿನ ಮೇಲಿನ ಹಲಗೆಯ ಬೆಲೆಯನ್ನು ನಾವು ವಿದ್ಯಾರ್ಥಿಗೆ ಕೊಟ್ಟೆವು. ಅವನು ಮೊದಮೊದಲು ಬೇಡವೆಂದ. "ನಿಮ್ಮದೇನು ತಪ್ಪು ಸರ್, ನಾನೂ ನೋಡಬೇಕಿತ್ತು" ಎಂದ. ಮನೆಪಾಠದ ಹಣವೆಂದು ನೆನಪಿಸಿ ಒಪ್ಪಿಸಿದೆವು. ಈಗ ಪ್ರತಿ ವರ್ಷ ಕೆಪಾಸಿಟರಿನ ಪಾಠ ಬಂದಾಗ ಆ ಹಲಗೆಯನ್ನೂ ಒಂದು ಡಿಡಿಆರ್4 ಹಲಗೆಯನ್ನೂ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿ, ಕಚ್ಚುಗಳ ಅಂತರವನ್ನು ವರ್ನಿಯರಿನಿಂದ ಅಳೆಯಿಸುತ್ತೇವೆ. ಕೆಲವೇ ಮಿಲಿಮೀಟರುಗಳ ಅಂತರ. ಅಷ್ಟನ್ನು ನಾವು ಅಂದು ಅಳೆದಿರಲಿಲ್ಲ.